ತೇಮಾನು

ಅರ ಉಜ್ಜಿದಾಗ ಉದುರುವ ಪುಡಿಯನ್ನೂ
ಕುಂಚದಲ್ಲಿ ಗುಡಿಸಿ ಡಬ್ಬಿಗೆ ತುಂಬುವ ಕಸುಬು ನಮ್ಮದು.
ವರ್ಷಕ್ಕೊಮ್ಮೆ ಅಂಗಡಿಯ ಕಸವನ್ನೇ ಕರಗಿಸಿ
ಒಂದು ಮೂಗುಬೊಟ್ಟಿನಷ್ಟು ಹೊರಡಿಸುತ್ತಿದ್ದರು ಅಪ್ಪ.
ನನ್ನ ಕಣ್ಣಿನ ಪುಡಿ ಮಾತ್ರ
ಯಾರೂ ಗುಡಿಸಲಿಲ್ಲ.

ಇಪ್ಪತ್ತೊಂದು ವರ್ಷದ ಹಿಂದೆ, ಮಂಗಳೂರಿನಲ್ಲಿ,
ಒಂದೊಂದು ಕಣ್ಣಿಗೆ ಮುಕ್ಕಾಲು ನಿಮಿಷ.
ಕೆಂಪು ಚುಕ್ಕಿಯನ್ನೇ ನೋಡ್ತಾ ಇರಿ, ಅಂದರು.
ಟಕಟಕ ಸದ್ದು, ಕೂದಲು ಸುಟ್ಟ ವಾಸನೆ,
ಮೈನಸ್ ಐದೂವರೆ ಹೊಗೆಯಾಗಿ ಹೋಯಿತು.
ಗುಲಗಂಜಿಯ ಎಷ್ಟನೇ ಪಾಲು ತೂಗುತ್ತಿತ್ತೋ,
ಅಲ್ಲಿ ತಕ್ಕಡಿ ಇರಲಿಲ್ಲ.

ಮಾಡಿಸಿದ್ದು ಯಾಕೆಂದರೆ, ಸುಳ್ಳು ಯಾಕೆ ಹೇಳಲಿ,
ಕುಮಟೆಯಿಂದ ಸಂಬಂಧ ಕೇಳಿ ಬಂದವರು
'ಹುಡುಗನ ಕೈ ಚಿನ್ನ, ಕಣ್ಣು ಸೋಡಾಬಾಟಲಿ' ಅಂದಿದ್ದರು.
ಆ ಸಂಬಂಧ ಆಮೇಲೂ ಕೂಡಲಿಲ್ಲ.
ಕೈಹಿಡಿದವಳು ಸಿರ್ಸಿಯ ವಾರಿಜಾ.
ಅವಳಿಗೆ ಆಗಲೂ ಕನ್ನಡಕ, ಈಗಲೂ ಕನ್ನಡಕ.

ಆದರೂ ಆ ಮರುದಿನ ಬೆಳಗ್ಗೆ
ಲಾಡ್ಜಿನ ಸೂರಿನಲ್ಲೊಂದು ಹಲ್ಲಿ,
ಹಲ್ಲಿಗೆ ಕಾಲು, ಕಾಲಿಗೆ ಬೆರಳು.
ಐದು. ಎಣಿಸಿದೆ.
ದಿಂಬಿನ ಪಕ್ಕ ತಡಕಾಡದೆ ಎಣಿಸಿದೆ.
ಎರಡು ತಿಂಗಳ ಪಥ್ಯ ಮುಗಿದ ಮೇಲೆ
ಕೂಡ್ಲಿಯ ಸಂಗಮದಲ್ಲಿ ಮುಳುಗಿ ಎದ್ದರೆ
ಆಚೆ ದಡದಲ್ಲಿ ಯಾರೋ ಹಿಂಡುತ್ತಿದ್ದ ಸೀರೆಯ ಅಂಚು
ಯಾವ ಬಣ್ಣವೆಂದು ನನಗೆ ಗೊತ್ತಿತ್ತು.
ಅಂಥ ಬೆಳಗು ಏಳು ಸಾವಿರದ ಮೇಲಾಯಿತು.
ಜಮೆಯ ಕಡೆ ಬರೆದಿದ್ದೇನೆ.

ಖರ್ಚೂ ಉಂಟು.
ರಾತ್ರಿ ಹೊಳೆ ಸೇತುವೆ ಮೇಲೆ ಸ್ಕೂಟರಿನಲ್ಲಿ ಬಂದರೆ
ಕಂಬದ ದೀಪಕ್ಕೆಲ್ಲ ಒಂದೊಂದು ಬಳೆ,
ಎದುರು ಬರುವ ಲಾರಿಗೆ ಜೋಡಿ ಕಡಗ.
ಕೂಲಿ ಕೇಳದೆ ಇಷ್ಟು ಒಡವೆಯನ್ನು
ಶಿವಮೊಗ್ಗಕ್ಕೆ ಬೇರೆ ಯಾವ ಶೇಟ್ ತೊಡಿಸಿದ್ದಾನೆ?
ಫ್ಯಾನಿನಡಿ ಕೂತರೆ ಕಣ್ಣಲ್ಲಿ ಮರಳು,
ಕಿಸೆಯಲ್ಲಿ ಸದಾ ಹನಿ ಔಷಧಿ.
ಗಿರಾಕಿಗಳು ಅತ್ತಿರಾ ಅಂತಾರೆ.
ಇಲ್ಲಮ್ಮ, ಅಳುವಷ್ಟು ನೀರಿಲ್ಲ.

ಈಗ ನಲವತ್ತೇಳು.
ಬೇಸರಿಗೆ ಕಲ್ಲು ಕೂಡಿಸುವಾಗ
ಕೈ ತಾನಾಗಿ ದೂರ ದೂರ ಸರಿಯುತ್ತದೆ.
ಅಪ್ಪನಿಗೂ ಮೈನಸ್ ಐದಿತ್ತು.
ಎಪ್ಪತ್ತರಲ್ಲೂ ಕನ್ನಡಕ ಹಣೆಗೇರಿಸಿ,
ಮೂಗಿನ ತುದಿಗೆ ಹಿಡಿದು, ಬರಿಗಣ್ಣಲ್ಲೇ
ಸಾಸಿವೆಯಷ್ಟು ಕೊಂಡಿಗೆ ಬೆಸುಗೆ ಹಾಕುತ್ತಿದ್ದರು.
ಹತ್ತಿರದ ಆ ಕಣ್ಣು ನಮ್ಮ ಮನೆತನದ ಹತಾರ,
ಊದುಗೊಳವೆಯಂತೆ, ಚಿಮಟದಂತೆ.
ಅದನ್ನು ಕೊಟ್ಟು ದೂರವನ್ನು ಕೊಂಡವನು ನಾನೊಬ್ಬನೇ.

ದುರ್ಗಿಗುಡಿಯ ಡಾಕ್ಟರ್ ಹುಡುಗಿ ಹೇಳಿದಳು:
'ಮುಂಭಾಗ ಗಟ್ಟಿ ಇದೆ ಶೇಟ್ರೆ,
ಮುಕ್ಕಾಲು ಪಾಯಿಂಟ್ ವಾಪಸ್ ಬಂದಿದೆ, ಅಷ್ಟೇ.
ಹಿಂದಿನ ಪರದೆ ಮಾತ್ರ ಅದೇ ಹಳೇದು,
ಉದ್ದ ಕಣ್ಣಿನ ತೆಳು ಪರದೆ.
ಮಿಂಚು ಕಂಡರೆ ಓಡಿ ಬನ್ನಿ.'
ನಾನು ನಕ್ಕೆ. ಇದು ನಮಗೆ ಹೊಸ ಮಾತಲ್ಲ,
ಮೇಲೆ ಎಷ್ಟು ಉಜ್ಜಿದರೂ
ಒಳಗಿನ ಲೋಹ ಒಳಗಿನದೇ.
'ಹಳೇ ನಂಬರಿನ ಕಾಗದ ಇಟ್ಟಿದ್ದೀರಾ?
ಮುಂದೆ ಪೊರೆ ತೆಗೆಯುವಾಗ ಲೆಕ್ಕಕ್ಕೆ ಬೇಕಾಗುತ್ತೆ.'
ಇಟ್ಟಿದ್ದೇನೆ. ತಿಜೋರಿಯಲ್ಲಿ,
ಅಪ್ಪನ ಒರೆಗಲ್ಲಿನ ಕೆಳಗೆ.

ನಿನ್ನೆ ಸಂಜೆ ಅಂಗಡಿಗೆ ಮಗಳು ರಶ್ಮಿತಾ ಬಂದಳು.
ಹದಿನೇಳು, ಮೈನಸ್ ನಾಲ್ಕು.
'ಅಪ್ಪಾ, ನಂಗೂ ಲೇಸರ್ ಮಾಡಿಸ್ತೀಯಾ?'
ನಾನು ರಿಪೇರಿಗೆ ಬಂದ ಮೂಗುತಿ ಕೊಟ್ಟೆ.
ಕನ್ನಡಕ ತೆಗಿ, ಯಾವ ಕಲ್ಲು ಅಲ್ಲಾಡುತ್ತೆ ನೋಡು.
ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು,
ಥೇಟ್ ಅವಳ ಅಜ್ಜನ ಹಾಗೆ.
'ಎಡಗಡೆಯ ಮೂರನೇದು.'
ಭೂತಗನ್ನಡಿ ಇಟ್ಟು ನೋಡಿದೆ. ಹೌದು, ಮೂರನೇದು.

ಅವಳು ಕನ್ನಡಕ ಏರಿಸಿಕೊಂಡು
ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಾಳೆ.
ಮೊದಲು ನಂಬರು ನಿಲ್ಲಲಿ, ಅಂದೆ.
ಆಮೇಲೆ ಈ ಲೆಕ್ಕದ ಪುಸ್ತಕ ಕೊಡ್ತೀನಿ,
ಎರಡೂ ಕಡೆ ಓದು.
ಗಾಂಧಿ ಬಜಾರಿನಲ್ಲಿ ದೀಪ ಹತ್ತಿದವು,
ನನಗೆ ಬಳೆ ತೊಟ್ಟು,
ಅವಳಿಗೆ ಬರೀ ದೀಪಗಳಾಗಿ.