ಒಂದು ವಾರದ ಮಟ್ಟಿಗೆ

ಮಾಕ್ವಾಲ ಇಳಿಯಲಿಲ್ಲ, ಗಾಜು ಇಳಿಸಿ ಹೇಳಿದಳು:
"ಸಿಗ್ನಲಿನಲ್ಲಿ ನಿಂತರೆ ನಡುಗುತ್ತದೆ, ಚಳಿಜ್ವರ ಬಂದ ಹಾಗೆ.
ಹಸಿರು ಬಿತ್ತು, ಒತ್ತಿದೆ ಅನ್ನು,
ಮೀನಮೇಷ ಎಣಿಸುತ್ತದೆ.
ಹಿಂದಿನವರು ಹಾರ್ನ್ ಹೊಡೆದ ಮೇಲೆ
ಅವರಿಗೋಸ್ಕರ ಎಂಬಂತೆ ಹೊರಡುತ್ತದೆ."
ಮೂವತ್ತು ವರ್ಷ ಹೆರಿಗೆ ಮಾಡಿಸಿದವಳು,
ಲಕ್ಷಣ ಹೇಳಲು ಬರುತ್ತದೆ ಅವಳಿಗೆ.
ನಾನು ಕೇಳಿದ್ದು ಒಂದೇ: ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ?
"ಎರಡರಲ್ಲೂ, ಜುಂಬೆರ್. ಬಿಸಿಯಾದ ಮೇಲೆ ಸ್ವಲ್ಪ ಮರ್ಯಾದೆಯಿಂದ."

ಕುತೈಸಿಯಲ್ಲಿ ಮಾರ್ಚ್. ರಿಯೋನಿ ಹೊಳೆ ಕದಡಿ ಬರುತ್ತಿತ್ತು.
ಸಾಸಿವೆ ಬಣ್ಣದ ಝಿಗುಲಿ, ನನ್ನ ಮದುವೆಗಿಂತ ಎರಡು ವರ್ಷ ಹಿರಿಯದು.
ಹುಡುಗ ಗೋಚಾ ಸ್ಕ್ಯಾನರ್ ಹಿಡಿದು ಡ್ಯಾಶ್‌ಬೋರ್ಡಿನಡಿ ತೂರಿದವನು
ತಲೆ ಹೊರಹಾಕಿ, "ಮಾವ, ಚುಚ್ಚಲು ತೂತೇ ಇಲ್ಲ."
ಇಲ್ಲ ಮಗನೇ. ಇದು ಕಿವಿ ಕೊಟ್ಟವರಿಗಷ್ಟೇ ಬಾಯಿ ಬಿಡುವ ಕಾಲದ್ದು.

ಪಾಯಿಂಟು ಉಜ್ಜಿದೆ. ಕಾಯಿಲ್ ಬದಲಿಸಿ ನೋಡಿದೆ.
ಫಿಲ್ಟರಿನಲ್ಲಿ ಒಂದು ಚಿಟಿಕೆ ತುಕ್ಕು, ಅದಕ್ಕೆ ಇಷ್ಟು ನಡುಕ ಬಾರದು.
ಮಧ್ಯಾಹ್ನದವರೆಗೆ ಬೈದೆ:
ನೀರು ಬೆರೆಸುವ ಬಂಕಿನವನನ್ನು,
ಪ್ಲಗ್ಗಿನ ಮೇಲೆ ಸುಳ್ಳು ಹೆಸರು ಅಚ್ಚೊತ್ತುವವರನ್ನು,
ಯಾವ ಹಾಳು ಕೈ ಆಡಿದೆಯೋ ಇದರ ಮೇಲೆ ಎಂದು
ಊರಿನ ಮೆಕ್ಯಾನಿಕ್‌ಗಳನ್ನೆಲ್ಲ, ಹೆಸರು ಹಿಡಿದು.

ಆಮೇಲೆ, ಮೊದಲೇ ಮಾಡಬೇಕಿದ್ದನ್ನು ಮಾಡಿದೆ.
ಪ್ಲಗ್ ವೈರು ಒಂದೊಂದಾಗಿ ಎಳೆದೆ.
ಒಂದನೆಯದು: ಎಂಜಿನ್ ಕುಂಟಿತು. ಎರಡನೆಯದು: ಕುಂಟಿತು.
ಮೂರನೆಯದು: ಏನೂ ಆಗಲಿಲ್ಲ.
ನಾಲ್ವರ ಮನೆಯಲ್ಲಿ ಒಬ್ಬ ದುಡಿಯದೆ ಊಟಕ್ಕೆ ಕೂತಿದ್ದಾನೆ.
ಬಿಚ್ಚಿದರೆ ಮೂರು ಪ್ಲಗ್ಗಿಗೆ ಹುರಿದ ಅಕ್ರೋಟಿನ ಬಣ್ಣ,
ಇದೊಂದು ಸುಣ್ಣದಷ್ಟು ಬಿಳಿ.
ಬಿಳಿ ಎಂದರೆ ಗಾಳಿ. ಕರೆಯದೆ ಒಳಗೆ ಬಂದ ಗಾಳಿ.

ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ,
ಇನ್ನೊಂದು ತುದಿಯಲ್ಲಿ ಎಂಜಿನ್ನಿನ ಮೈ ತಡವುತ್ತ ಹೋದೆ.
ಮ್ಯಾನಿಫೋಲ್ಡಿನ ಬೆನ್ನಿಗೆ, ಕಣ್ಣು ತಲುಪದ ಕಡೆ,
ಬಿಸಿ ಚಹಾ ಹೀರುವವರ ಹಾಗೆ ಯಾರೋ ಹಲ್ಲುಸಂದಿಯಲ್ಲಿ ಉಸಿರೆಳೆಯುತ್ತಿದ್ದರು.
ಒಂದು ತೊಟ್ಟು ಎಣ್ಣೆ ಬಿಟ್ಟೆ. ಶಬ್ದ ನಿಂತಿತು.
ನಾಲ್ಕು ಕ್ಷಣ ಎಂಜಿನ್ ಮನುಷ್ಯರಂತೆ ನಡೆಯಿತು.

ಬೆರಳು ತೂರಿಸಿ ಎಳೆದೆ.
ಒಂದು ಗೇಣೂ ಇಲ್ಲದ ರಬ್ಬರ್ ತುಂಡು, ಅದರ ಬಾಯಿಗೆ
ಚಾಕುವಿನಲ್ಲಿ ಕೆತ್ತಿದ ವೈನ್ ಬಾಟಲಿಯ ಬಿರಡೆ,
ಒಣಗಿ, ಸೀಳಿ, ಮುದುಕರ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು.
ಸುತ್ತ ತಾಮ್ರದ ತಂತಿ.
ತಂತಿ ಎಡಕ್ಕೆ ತಿರುಚಿತ್ತು.
ಈ ಬೀದಿಯಲ್ಲಿ ಎಡಚ ನಾನೊಬ್ಬನೇ.

ಹನ್ನೊಂದು ವರ್ಷದ ಹಿಂದೆ, ಹಿಮ, ರಾತ್ರಿ,
ತ್ಕಿಬುಲಿಯ ಮೇಲಿನ ಹಳ್ಳಿಯಲ್ಲಿ ಯಾರಿಗೋ ನೋವು ಶುರುವಾಗಿತ್ತು.
ಹಿತ್ತಾಳೆ ಮುಚ್ಚಳ ಸಿಗಲಿಲ್ಲ, ಬಾಟಲಿ ಸಿಕ್ಕಿತು.
"ಒಂದು ವಾರದ ಮಟ್ಟಿಗೆ, ಆಮೇಲೆ ಬಾ, ಸರಿಯಾದದ್ದು ಹಾಕುತ್ತೇನೆ."
ಅವಳು ಬರಲಿಲ್ಲ. ನಾನು ಕರೆಯಲೂ ಇಲ್ಲ.
ಆ ಮಗು ಈಗ ಐದನೇ ಕ್ಲಾಸಿರಬೇಕು.

ಜೇಬಿಗೆ ಹಾಕಿಕೊಳ್ಳಬಹುದಿತ್ತು.
ಟಾರ್ಚ್ ಹಿಡಿದ ಗೋಚಾ ತಂತಿಯನ್ನೊಮ್ಮೆ, ನನ್ನ ಕೈಯನ್ನೊಮ್ಮೆ ನೋಡಿದ.
ಬಿರಡೆಯನ್ನು ಮಾಕ್ವಾಲಳ ಅಂಗೈಯಲ್ಲಿಟ್ಟೆ.
ತಿರುಗಿಸಿ ನೋಡಿದಳು, ಮೂಸಿದಳು.
"ಆವತ್ತು ನೀನು ದುಡ್ಡು ಇಸಕೊಂಡಿದ್ದೆ," ಎಂದಳು, ಅಷ್ಟೇ.

ಹಿತ್ತಾಳೆ ಮುಚ್ಚಳ ತಿರುಗಿಸಿ ಕೂರಿಸಿದೆ.
ಏರ್ ಫಿಲ್ಟರಿನ ಮೇಲಿಟ್ಟ ಕಾಫಿಯಲ್ಲಿ ಅಲೆ ನಿಂತು, ನೊರೆ ಸುಮ್ಮನಾಯಿತು.
ಆದರೆ ಪೆಡಲ್ ಒತ್ತಿದರೆ ಇನ್ನೂ ಒಂದು ಗುಟುಕು ತಡೆಯುತ್ತದೆ.
"ಮೀನ ಹೋಯಿತು, ಮೇಷ ಉಳಿದಿದೆ," ಎಂದಳು.
ಕಾರ್ಬುರೇಟರಿನ ಪಂಪಿನ ಪೊರೆ ಹರಿದಿದೆ, ತ್ಬಿಲಿಸಿಯಿಂದ ಬರಬೇಕು.
"ಎಷ್ಟು ದಿನ?"
"ಒಂದು ವಾರ," ಎಂದೆ,
ಎಂದ ಮೇಲೆ ನನ್ನ ಬಾಯಿ ನನಗೇ ಕೇಳಿಸಿತು.

ಮೊದಲು ನಕ್ಕವನು ಗೋಚಾ.
ಸೀಮೆಸುಣ್ಣ ತಂದು ಶೆಡ್ಡಿನ ಬಾಗಿಲ ಮೇಲೆ ತಾರೀಖು ಬರೆದ,
ದೊಡ್ಡ ಅಕ್ಷರದಲ್ಲಿ,
ಗಿರಾಕಿಗಳಿಗಲ್ಲ, ಒಳಮೈಗೆ, ನನಗೆ ಕಾಣುವ ಕಡೆ.