ಹಡಗು ಬಾರದ ವಾರ

ಈ ವಾರವೂ ಆಫ್ರಿಕಾದ ಹಡಗು ಪಣಂಬೂರಿಗೆ ಬರಲಿಲ್ಲ.
ಅಲ್ಲಿಯ ಸರಕಾರ ಪರದೇಶಿ ಧಣಿಗಳ ತೋಟ ಕಿತ್ತುಕೊಂಡಿತಂತೆ,
ಪರಿಹಾರ ಕೊಡುವವರೆಗೆ ಸಾಲವಿಲ್ಲ ಎಂದರಂತೆ
ದೊಡ್ಡ ಬ್ಯಾಂಕಿನವರು;
ಅರ್ಧ ಕಟ್ಟಿದ ಧಕ್ಕೆ ಅರ್ಧಕ್ಕೇ ನಿಂತಿದೆ —
ರೈಟರ್ ಮೊಂತೇರೊ ಪೇಪರ್ ಮಡಚಿದರು.

ಕೊನೆಯ ಚೀಲದ ಗೇರುಬೀಜ ಒಡೆಯುವ ಸಾಲಿನಲ್ಲಿ
ದೇಯಿ ಒಬ್ಬಳೇ ನಕ್ಕಳು,
ಎಣ್ಣೆಗೆ ಸುಟ್ಟ ಬೆರಳಿಗೆ ಬೂದಿ ಒರಸಿಕೊಳ್ಳುತ್ತ:

"ಅಪ್ಪ ಡಿಕ್ಲರೇಶನ್ ಹಾಕಿ
ಗದ್ದೆ ನಮ್ಮದಾದ ವರ್ಷ
ಧಣಿಗಳ ಚಾವಡಿಗೆ ಹೋಗಿ
ಬಿತ್ತಕ್ಕೆ ಒಂದು ಮುಡಿ ಭತ್ತ ಕೇಳಿದರೆ
'ಗದ್ದೆ ಕೊಟ್ಟವರ ಹತ್ತಿರವೇ ಕೇಳು' ಎಂದು
ಎಲೆಯಡಿಕೆ ಉಗುಳಿದರು.
ಆ ಆಟಿಯಿಡೀ ತಜಂಕ್ ತಿಂದೆವು.

ಗದ್ದೆ ಈಗಲೂ ಉಂಟು ರೈಟ್ರೇ.
ಇವತ್ತಿನ ಮಜೂರಿ ಉಂಟಾ?"