ಹನ್ನೆರಡೂವರೆ

ಕೂಡ್ಲು ಗೇಟಿನ ನಾಲ್ಕನೇ ಮಹಡಿಯಲ್ಲಿ
ರಾತ್ರಿ ಪಾಳಿಗೆ ಕೂತು ನಾನು
ಕಾಣದ ಊರಿನ ಕಾಣದ ಜನರ
ಕರುಳು ಓದುತ್ತೇನೆ.
ಹೆಸರಿನ ಮೇಲೆ ಕಪ್ಪು ಪಟ್ಟಿ.
ಎಲ್ಲಿ ಬೆಳೆದಿದೆ, ಎಷ್ಟು ದಪ್ಪ,
ತೊಟ್ಟಿದೆಯೋ, ಗೋಡೆಗೇ ಅಂಟಿದೆಯೋ,
ಇಷ್ಟೇ ನನಗೆ ಬೇಕಾದ ಪರಿಚಯ.

ಡಿ ಹನ್ನೆರಡು ಅಂದರೆ ನನಗೆ ಸಿಟಿ ಬಸ್ಸು.
ಸೀಕಮ್‌ನಲ್ಲಿ ಸೊನ್ನೆ, ಅಪೆಂಡಿಕ್ಸಿಗೆ ಒಂದು,
ಏರುವ ಕರುಳು ಎರಡು, ಅಡ್ಡ ಹಾಯುವುದು ಮೂರು,
ಇಳಿಜಾರು ನಾಲ್ಕು, ಕೊನೆಯ ತಿರುವಿಗೆ ಐದು.
ಯಾರ ಗಡ್ಡೆ ಯಾವ ಸ್ಟಾಪಿನಲ್ಲಿ ಹತ್ತಿತೆಂದು
ಬರೆದುಕೊಳ್ಳುವ ಕಂಡಕ್ಟರು ನಾನು.

ತರಬೇತಿಯ ಮೊದಲ ವಾರವೇ
ತಬಸ್ಸುಮ್ ಮೇಡಂ ಎಚ್ಚರಿಸಿದ್ದರು:
'ಗೊತ್ತಿಲ್ಲ' ಅನ್ನೋದರಲ್ಲಿ ಎರಡು ಥರ, ಹುಡುಗೀರಾ.
ಡಾಕ್ಟರು ಬರೆಯಲು ಮರೆತದ್ದು ಒಂದು.
ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ತಿರುಗಿಸಿ ತಿರುಗಿಸಿ ನೋಡಿ,
ಆಮೇಲೂ 'ಹೇಳಲಾರೆ' ಅಂದದ್ದು ಇನ್ನೊಂದು.
ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿದರೆ
ಆಡಿಟ್‌ನಲ್ಲಿ ನಿಮ್ಮ ಮಾರ್ಕು ಹೋಯಿತು.

ನನ್ನ ಸೋದರಮಾವ ಪಿಳ್ಳಪ್ಪ
ಕಲಾಸಿಪಾಳ್ಯದಲ್ಲಿ ಗಡ್ಡೆ ಮಾರುತ್ತಾನೆ.
ಸುವರ್ಣಗಡ್ಡೆ, ಕೆಸುವಿನ ಗಡ್ಡೆ,
ಗೋಣಿಯ ಮೇಲೆ ಮಣ್ಣಿನ ಸಮೇತ.
ಕರುಳಲ್ಲಿ ಗಡ್ಡೆ ಇದೆಯಂತೆ ಅಂದಾಗ
ಮೊದಲು ನಕ್ಕವನು ಅವನೇ.
'ನಲವತ್ತು ವರ್ಷ ಮಾರಿದೀನಲ್ಲಮ್ಮ,
ಒಂದು ಒಳಗೇ ಉಳಕೊಂಡಿರಬೇಕು.'
ವಯಸ್ಸೆಷ್ಟು ಎಂದರೆ ನರ್ಸಮ್ಮನಿಗೆ,
'ಆಧಾರದಲ್ಲಿ ಇರೋದನ್ನ ಬರಕೊಳ್ಳಿ.'

ಕತ್ತರಿಸಿದರು. ಡಬ್ಬಿಗೆ ಹಾಕಿ ಲ್ಯಾಬಿಗೆ ಕಳಿಸಿದರು.
ಹತ್ತು ದಿನ.
ಆ ಹತ್ತು ದಿನಕ್ಕೆ ನಮ್ಮ ಪುಸ್ತಕದಲ್ಲಿ ನಂಬರಿಲ್ಲ.
ಲ್ಯಾಬಿನ ಕಾಗದ ಬರುವ ತನಕ
ಫೈಲು ಪಕ್ಕಕ್ಕಿಟ್ಟು ಮುಂದಿನದು ತೆರೆಯಬೇಕು, ನಿಯಮ.
ಅತ್ತೆಯನ್ನು ಯಾವ ಪಕ್ಕಕ್ಕಿಡಲಿ?
ಬೆಳಿಗ್ಗೆ ಆರಕ್ಕೆ ಕ್ಯಾಬಿನಿಂದ ಇಳಿದರೆ
ಸೆರಗು ಹೊದ್ದು ಗೇಟಿನಲ್ಲೇ ನಿಂತಿರುತ್ತಾಳೆ:
'ನಿನ್ನ ಕಂಪ್ಯೂಟರಿಗೆ ಬಂತಾ, ಮುನಿಲಕ್ಷ್ಮಿ?'
ಅದಕ್ಕೆ ಬರುವುದು ಬೇರೆ ಊರಿನ ಮಾವಂದಿರು ಕಣತ್ತೆ
ಎಂದು ಹೇಗೆ ಹೇಳುವುದು.
ಗಂಟೆಗೆ ಹದಿನೆಂಟು ಫೈಲು ಮುಗಿಸುತ್ತಿದ್ದವಳು
ಆ ವಾರ ಹನ್ನೊಂದಕ್ಕೆ ಇಳಿದೆ.
ಪ್ರತಿ ಕಪ್ಪು ಪಟ್ಟಿಯ ಹಿಂದೆ
ಯಾರೋ ಸೆರಗು ಹೊದ್ದಿದ್ದರು.

ಕಾಗದ ಬಂತು. ಕೌಂಟರಿನ ಮುಂದೆಯೇ ನಿಂತು ಓದಿದೆ.
ಸಿಗ್ಮಾಯ್ಡು. ಎಂಟು ಮಿಲಿಮೀಟರು. ತೊಟ್ಟುಳ್ಳದ್ದು.
ಅಡಿನೋಮಾ. ಬುಡದ ತನಕ ಪೂರ್ತಿ ಬಂದಿದೆ.
ಬಾಯಿ ತನ್ನಷ್ಟಕ್ಕೆ ತಾನೇ ಅಂದಿತು:
'ಡಿ ಹನ್ನೆರಡು ಪಾಯಿಂಟ್ ಐದು.'

'ಹನ್ನೆರಡೂವರೆಯಾ?' ಅಂದ ಮಾವ. 'ಕಾಲು ಕೆಜಿಗಾ?'

ಅತ್ತೆ ಅವನ ಭುಜಕ್ಕೆ ಹೊಡೆದಳು, ಅಳುತ್ತಿದ್ದಳು.
ಸಾಧು ಗಡ್ಡೆ ಮಾವ, ಅಂದೆ.
ಹಾಯದ ಹಸು ಇರುತ್ತಲ್ಲ, ಹಾಗೆ.
'ಹಂಗಿದ್ದರೆ ಕಟ್ಟದೆ ಬಿಡಬಹುದಿತ್ತಾ?'

ಅದು ಬಿಟ್ಟು ಬೇರೇನು ಕೇಳಿದ್ದರೂ ಹೇಳುತ್ತಿದ್ದೆ.
ಬಿಟ್ಟರೆ ಕೆಲವು, ಎಲ್ಲವೂ ಅಲ್ಲ, ಕೆಲವು,
ವರ್ಷಗಟ್ಟಲೆ ಸುಮ್ಮನೆ ಮೆಲುಕು ಹಾಕಿ
ಒಂದು ದಿನ ಡಿ ಹೋಗಿ ಸಿ ಆಗುತ್ತವೆ.
ಇಂಗ್ಲಿಷ್ ಅಕ್ಷರಮಾಲೆಯಲ್ಲಿ
ಒಂದೇ ಹೆಜ್ಜೆ ಹಿಂದಕ್ಕೆ.
'ಐದು ವರ್ಷ ಬಿಟ್ಟು ಇನ್ನೊಂದು ಸಲ
ಕೊಟ್ಟಿಗೆ ನೋಡಬೇಕಂತೆ' ಅಂದೆ ಅಷ್ಟೇ.
ಅವನು ನನ್ನ ಮುಖವನ್ನೇ ನೋಡಿದ,
ಕೊಳೆತಿದೆಯೋ ಎಂದು ಗಡ್ಡೆಯನ್ನು ಹೆಬ್ಬೆರಳಲ್ಲಿ
ಒತ್ತಿ ನೋಡುವವನ ಹಾಗೆ.
ಮತ್ತೆ ಕೇಳಲಿಲ್ಲ.

ಮಾರನೇ ಬೆಳಿಗ್ಗೆ ಕಲಾಸಿಪಾಳ್ಯದಲ್ಲಿ
ಕೆಸುವಿನ ಗಡ್ಡೆಯ ರಾಶಿಗೆ ಸಿಕ್ಕಿಸಿದ ರಟ್ಟಿನ ಮೇಲೆ
ಸೀಮೆಸುಣ್ಣದಲ್ಲಿ: ಕಾಲು ಕೆಜಿ, ಹನ್ನೆರಡೂವರೆ.
ಕೊಂಡ ರೇಟೂ ಹುಟ್ಟಲ್ಲ ಎಂದು ಅತ್ತೆ ಬೈದಳು.
ಐವತ್ತು ಪೈಸೆ ಚಿಲ್ಲರೆ ಎಲ್ಲಿಂದ ತರಲಿ ಎಂದು
ಗಿರಾಕಿಗಳೂ ಬೈದರು.
ಹನ್ನೊಂದು ಗಂಟೆಗೆಲ್ಲ
ಗೋಣಿಯಲ್ಲಿ ಬರೀ ಮಣ್ಣು.